ವೈಜಿನಾಥ ಕೂಡಿಸಿದ ಕ್ರೌನ್-ಪಿನಿಯನ್

ಇಲ್ಲಿನ ಕನ್ನಡ ಮಂಡಳಿಯವರು ಮೂರು ಸಲ ಮನೆಗೆ ಬಂದರು. "ಶರಣಪ್ಪನೋರೇ, ಇಷ್ಟು ವರ್ಷ ಗಾಡಿ ರಿಪೇರಿ ಮಾಡೀರಿ, ಈಗಿನ ಹುಡುಗೂರಿಗೆ ಉಪಯೋಗ ಆಗೋಹಂಗ ನಾಕು ಮಾತು ಬರ್ದು ಕೊಡ್ರಿ" ಎಂದರು. ಎರಡು ಸಲ ಆಗುವುದಿಲ್ಲ ಎಂದೆ. ಇಂಥದ್ದನ್ನು ಬರೆಯುವವರೆಲ್ಲ ತಮ್ಮ ಬೆನ್ನು ಯಾರ್ಯಾರು ತಟ್ಟಿದರು ಎಂದೇ ಬರೆಯುತ್ತಾರೆ. ನನ್ನ ಬೆನ್ನನ್ನೂ ತಟ್ಟಿದವರಿದ್ದಾರೆ. ಅದನ್ನು ಓದಿದರೆ ನಿಮಗೆ ಒಂದು ನಟ್ಟು ಬಿಚ್ಚುವುದಕ್ಕೂ ಬರುವುದಿಲ್ಲ. ಮೂರನೆಯ ಸಲ ಬಂದಾಗ ಹೇಳಿದೆ: ಬರೆದರೆ ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಬರೆಯುತ್ತೇನೆ, ಬೇಕಾದರೆ ಅಚ್ಚು ಹಾಕಿ, ಬೇಡವಾದರೆ ಒಲೆಗೆ ಹಾಕಿ. ಅವರು ನಕ್ಕರು. ನಾನು ನಗಲಿಲ್ಲ.

ನಾನು ಆಳಂದ ತಾಲ್ಲೂಕಿನವನು. ಅರವತ್ತರ ದಶಕದ ನಡುವೆ ನಾಶಿಕಕ್ಕೆ ಬಂದೆ. ನಮ್ಮ ಸೋದರಮಾವ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನನ್ನನ್ನೂ ಅಲ್ಲೇ ಸೇರಿಸುತ್ತೇನೆಂದು ಕರೆಸಿಕೊಂಡ. ಅವರು ನನ್ನ ಕಾಗದ ಪತ್ರ ನೋಡಿ ಮುಂದಿನ ವರ್ಷ ಬಾ ಎಂದರು. ಮುಂದಿನ ವರ್ಷದ ತನಕ ಮಾವನ ಮನೆಯಲ್ಲಿ ಕೂತು ರೊಟ್ಟಿ ಮುರಿಯಲು ಮನಸ್ಸಾಗದೆ ದತ್ತೋಬಾ ಎಂಬ ಮರಾಠಿ ಉಸ್ತಾದರ ಗ್ಯಾರೇಜು ಸೇರಿದೆ. ಎಲ್ಲರೂ ಅವರನ್ನು ದತ್ತೂಮಾಮಾ ಎನ್ನುತ್ತಿದ್ದರು. ದೊಡ್ಡ ಮೀಸೆ, ಸಣ್ಣ ಮಾತು. ಇನ್ನೊಬ್ಬರನ್ನು ಹೊಗಳುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಏಳು ವರ್ಷದಲ್ಲಿ ನನ್ನ ಕೆಲಸ ನೋಡಿ ಅವರು ಹೇಳಿದ್ದು ಒಂದೇ ಮಾತು: "ಚಾಲೇಲ್." ನಡೆಯುತ್ತದೆ ಎಂದರ್ಥ. ಆ ಒಂದು 'ಚಾಲೇಲ್' ಕೇಳಲು ನಾನು ಊಟ ಬಿಟ್ಟು ಕೆಲಸ ಮಾಡಿದ ದಿನಗಳಿವೆ.

ನಮ್ಮ ಗ್ಯಾರೇಜಿಗೆ ಹೆಸರು ಬಂದದ್ದು ಹಳೆಯ ಜರ್ಮನ್ ಗಾಡಿಗಳಿಂದ. ಎಂಜಿನ್ನಿನ ಎರಡೂ ಪಕ್ಕಕ್ಕೆ ಒಂದೊಂದು ಸಿಲಿಂಡರು ಚಾಚಿಕೊಂಡಿರುವ ಆ ಮೋಟಾರ್‌ಸೈಕಲ್ಲುಗಳನ್ನು ಈಗಿನವರು ಫೋಟೋದಲ್ಲಿ ನೋಡಿರಬಹುದು. ಅವಕ್ಕೆ ಚೈನ್ ಇಲ್ಲ. ಎಂಜಿನ್ನಿನ ಬಲ ಒಂದು ಕೊಳವೆಯೊಳಗೆ ತಿರುಗುವ ಶಾಫ್ಟ್ ಮೂಲಕ ಹಿಂದಿನ ಗಾಲಿಗೆ ಹೋಗುತ್ತದೆ. ಗಾಲಿಯ ಪಕ್ಕದಲ್ಲಿ ಒಂದು ಅಲ್ಯುಮಿನಿಯಂ ಡಬ್ಬಾ. ಅದರೊಳಗೆ ಶಾಫ್ಟಿನ ತುದಿಗೆ ಚಿಕ್ಕ ಹಲ್ಲುಗಾಲಿ, ಅದೇ ಪಿನಿಯನ್. ಅದಕ್ಕೆ ಅಡ್ಡಲಾಗಿ ಕಚ್ಚಿಕೊಂಡು ಹಿಂದಿನ ಗಾಲಿಯನ್ನು ತಿರುಗಿಸುವ ದೊಡ್ಡ ಹಲ್ಲುಬಳೆ, ಅದೇ ಕ್ರೌನ್. ಚೈನ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಈ ಡಬ್ಬಾ ಕೆಟ್ಟರೆ ಕಿವಿಗೆ ಮಾತ್ರ ಗೊತ್ತಾಗುವುದು, ಅದೂ ಕೆಟ್ಟು ಮುಗಿದ ಮೇಲೆ.

ಹೊಸ ಹಲ್ಲುಗಾಲಿ ಸಿಗುತ್ತಿರಲಿಲ್ಲ. ಇದ್ದದ್ದನ್ನೇ ಸರಿಯಾಗಿ ಕೂಡಿಸಬೇಕು. ಕೂಡಿಸುವುದು ಎಂದರೆ ಎರಡು ಗಾಲಿಗಳ ಹಿಂದೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಳೆಗಳನ್ನು, ಅಂದರೆ ಶಿಮ್ಮುಗಳನ್ನು, ಹಾಕಿ ತೆಗೆದು ಮಾಡುವುದು. ಹಲ್ಲು ಹಲ್ಲಿಗೆ ಬಿಗಿಯಾಗಿ ಕಚ್ಚಿದರೆ ಕಾದು ಸಾಯುತ್ತದೆ. ಸಡಿಲವಾದರೆ ಕುಟ್ಟಿ ಕುಟ್ಟಿ ಹಲ್ಲು ಮುರಿಯುತ್ತದೆ. ಡಬ್ಬಾವನ್ನು ಇದ್ದಿಲ ಶೇಗಡಿಯ ಮೇಲೆ ಕಾಯಿಸಬೇಕು, ನೀರು ಚಿಮುಕಿಸಿದರೆ ಹನಿ ಕುಣಿಯಬೇಕು, ಆಗ ಬೇರಿಂಗು ತಾನಾಗಿ ಬಿಡುತ್ತದೆ. ಸುತ್ತಿಗೆಯಿಂದ ಹೊಡೆದವನನ್ನು ದತ್ತೂಮಾಮಾ ಅದೇ ಸುತ್ತಿಗೆಯಿಂದ ಹೊಡೆಯುವವರು. ಎಲ್ಲ ಕೂಡಿಸಿದ ಮೇಲೆ ಹಲ್ಲಿಗೆ ಶೇಂದೂರ ಸವರಿ ಮೂರು ಸುತ್ತು ತಿರುಗಿಸಿ ಬಿಚ್ಚಿ ನೋಡಬೇಕು. ಶೇಂದೂರ ಎಂದರೆ ಮಾರುತಿಯ ಮೂರ್ತಿಗೆ ಬಳಿಯುವ ಅದೇ ಕೆಂಪು ಪುಡಿ, ಎಣ್ಣೆಯಲ್ಲಿ ಕಲಸಿದ್ದು. ಹಲ್ಲು ಹಲ್ಲಿಗೆ ಎಲ್ಲಿ ತಾಗಿತೋ ಅಲ್ಲಿ ಶೇಂದೂರ ಒರೆಸಿ ಹೋಗಿ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಟ್ಟನಡುವೆ ತೊಗರಿ ಕಾಳಿನಷ್ಟು ಬಿದ್ದರೆ ಸರಿ. ತುದಿಗೆ ಬಿದ್ದರೆ ಮತ್ತೆ ಬಿಚ್ಚು, ಮತ್ತೆ ಶಿಮ್ ಬದಲಿಸು. ಒಂದು ಡಬ್ಬಾಕ್ಕೆ ನನಗೆ ಎರಡು ದಿನ ಬೇಕಾಗುತ್ತಿತ್ತು. ಇಡೀ ನಾಶಿಕದಲ್ಲಿ ಇದನ್ನು ಮಾಡುವವರು ಇಬ್ಬರೇ: ಮಾಮಾ ಮತ್ತು ನಾನು. ಮಾಮಾನ ಕಣ್ಣು ಮಂದವಾದ ಮೇಲೆ ನಾನೊಬ್ಬನೇ.

ನನ್ನದೊಂದು ತಪ್ಪನ್ನು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೆಲಸ ಕಲಿತ ಎರಡನೆಯ ವರ್ಷ, ಒಬ್ಬ ದ್ರಾಕ್ಷಿ ತೋಟದವರ ಗಾಡಿಯ ಡಬ್ಬಾದ ನೆತ್ತಿಯ ಮೇಲೆ ಸೂಜಿ ಹೋಗುವಷ್ಟು ಸಣ್ಣ ತೂತು ಕಂಡೆ. ಸುತ್ತ ಎಣ್ಣೆ ಜಿಡ್ಡು. ಎರಕದಲ್ಲೇ ಉಳಿದ ತೂತು, ಧೂಳು ಒಳಗೆ ಹೋಗುತ್ತದೆ ಎಂದು ಬಟ್ಟೆ ಸಾಬೂನು ತಿಕ್ಕಿ ಮುಚ್ಚಿಬಿಟ್ಟೆ. ಜಾಣತನ ಮಾಡಿದೆ ಎಂದು ಮೀಸೆ ತಿರುವಿಕೊಂಡೆ ಕೂಡ. ಅದು ಡಬ್ಬಾ ಉಸಿರಾಡುವ ತೂತು. ಗಾಡಿ ಓಡಿದಂತೆ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಎಣ್ಣೆಯನ್ನು ಅದನ್ನು ತಡೆಯುವ ರಬ್ಬರ್ ಸೀಲಿನಿಂದಾಚೆ ತಳ್ಳುತ್ತದೆ. ಸೀಲಿನಾಚೆ ಇರುವುದು ಹಿಂದಿನ ಬ್ರೇಕು. ಆ ಮನುಷ್ಯ ಬ್ರೇಕು ಒತ್ತಿದರೂ ಗಾಡಿ ನಿಲ್ಲದೆ ಸೀದಾ ಕಾಲುವೆಗೆ ಇಳಿದ. ಪುಣ್ಯಕ್ಕೆ ನೀರಿರಲಿಲ್ಲ, ಕೆಸರಿತ್ತು. ಸಾಬೂನನ್ನು ನಾನೇ ಗುಟ್ಟಾಗಿ ಕೆರೆದು ತೆಗೆದು, "ಸೀಲ್ ಹೋಗಿತ್ತು ಮಾಮಾ" ಎಂದೆ. ಅವರು ನಂಬಿದರು. ಆ ತೂತಿನ ವಿಷಯ ಆಮೇಲೆ ಗ್ಯಾರೇಜಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಿದ್ದರಲ್ಲ!

ಇನ್ನು ವೈಜಿನಾಥ. ಭಾಲ್ಕಿ ಕಡೆಯವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ಬೀದರಿನ ಟ್ರಕ್ ಗ್ಯಾರೇಜಿನಲ್ಲಿ ಐದಾರು ವರ್ಷ ದುಡಿದು ನಾಶಿಕಕ್ಕೆ ಬಂದಿದ್ದ. ಎತ್ತರದ ಆಳು, ಮಾತು ಕಮ್ಮಿ, ನಕ್ಕರೆ ಬಾಯಿ ತುಂಬ ಹಲ್ಲು. ಅವನನ್ನು ಮಾಮಾನ ಹತ್ತಿರ ಕರೆದುಕೊಂಡು ಹೋಗಿ ಕೆಲಸಕ್ಕೆ ಹಾಕಿಸಿದವನು ನಾನೇ. ನಮ್ಮ ಕಡೆಯವನು, ಪಾಪ, ಎಂದು. ಹಾವಿಗೆ ಹಾಲೆರೆದೆ ಎಂದು ಆಮೇಲೆ ಎಷ್ಟೋ ಸಲ ಬೈದುಕೊಂಡಿದ್ದೇನೆ. ಹಾವು ಯಾರು ಎಂದು ಈ ಬರಹ ಮುಗಿಯುವುದರೊಳಗೆ ನೀವೇ ಹೇಳುತ್ತೀರಿ.

ಬಂದ ತಿಂಗಳೊಪ್ಪತ್ತಿನಲ್ಲಿ ನಾನು ಬಿಚ್ಚಿಟ್ಟಿದ್ದ ಒಂದು ಡಬ್ಬಾವನ್ನು ಬಗ್ಗಿ ನೋಡಿದ.

"ಅಣ್ಣೋರೆ, ಇದು ಟ್ರಕ್ಕಿನ ಹಿಂದಿಂದೇ ಅದಲ್ರಿ. ಮರಿ ಹಾಕ್ಯಾದ, ಅಷ್ಟೇ."

"ಮುಟ್ಟಬ್ಯಾಡ. ಟ್ರಕ್ಕಲ್ಲ ಇದು," ಎಂದೆ.

ನಾನು ಚಹಾಕ್ಕೆ ಹೋಗಿ ಬರುವುದರೊಳಗೆ ಮಾಮಾ ಅವನಿಗೆ ಮುಟ್ಟಲು ಹೇಳಿದ್ದರು. ಅವನು ಕಣ್ಣು ಮುಚ್ಚಿ, ಕ್ರೌನನ್ನು ಎರಡು ಬೆರಳಲ್ಲಿ ಹಿಂದೆ ಮುಂದೆ ಆಡಿಸುತ್ತ ಕುಳಿತಿದ್ದ. ಟಿಕ್, ಟಿಕ್. "ಇನ್ನೊಂದು ಬಾರೀಕ್ ಶಿಮ್ ಕೊಡ್ರಿ" ಎಂದ. ಹಾಕಿದ. ಮತ್ತೆ ಟಿಕ್. ಮಾಮಾ ಶೇಂದೂರ ಸವರಿ ತಿರುಗಿಸಿ ಬಿಚ್ಚಿದರು. ಗುರುತು ನಟ್ಟನಡುವೆ. ನನಗೆ ಎರಡು ದಿನ ಹಿಡಿಯುವ ಕೆಲಸ ಅವನ ಬೆರಳಿಗೆ ಅರ್ಧ ದಿನವೂ ಹಿಡಿದಿರಲಿಲ್ಲ. ಮಾಮಾ ಕನ್ನಡಕ ಮೇಲೆ ತಳ್ಳಿ, "ಹಾತ್ ಆಹೇ ರೇ ತುಲಾ" ಎಂದರು. ನಿನಗೆ ಕೈ ಇದೆಯೋ ಎಂದು! ಏಳು ವರ್ಷ ನಾನು 'ಚಾಲೇಲ್' ತಿಂದು ಬದುಕಿದವನು. ಇವನಿಗೆ ತಿಂಗಳಿಗೇ ಕೈ ಬಂದುಬಿಟ್ಟಿತು. ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ದಿನದ ಕೆಲಸ ಬೇಗ ಮುಗಿಯಿತಲ್ಲ ಎಂದು ಸಂತೋಷ ಪಡಬೇಕಿತ್ತು ಎನ್ನುತ್ತೀರೇನೋ. ನೀವು ಪಡಿ.

ಅಲ್ಲಿಂದ ನನ್ನ ಕಣ್ಣು ಅವನನ್ನು ಬಿಡಲಿಲ್ಲ. ಅವನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡರೆ ನೋಡುತ್ತಿದ್ದೆ, ಇಟ್ಟರೆ ನೋಡುತ್ತಿದ್ದೆ. ಶಿಮ್ಮಿನ ಡಬ್ಬಿಯನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅವನು ಟ್ರಕ್ಕಿನ ಸಂದು ಅಳೆಯುವ ಹಳೆಯ ಫೀಲರ್ ಗೇಜಿನ ತೆಳು ಉಕ್ಕಿನ ಎಲೆಗಳನ್ನು ಕತ್ತರಿಸಿ ತನ್ನದೇ ಶಿಮ್ ಮಾಡಿಕೊಂಡ. ಗಿರಾಕಿಗಳು "ತೋ ಉಂಚ್ ಮುಲಗಾ ಕುಠೇ ಆಹೇ", ಆ ಎತ್ತರದ ಹುಡುಗ ಎಲ್ಲಿ, ಎಂದು ಕೇಳಿಕೊಂಡು ಬರತೊಡಗಿದರು. ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಅವನಿಗೆ ಆಗ ಮದುವೆ ಆಗಿರಲಿಲ್ಲ, ರವಿವಾರ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಿದ್ದ. ನನ್ನ ಹೆಂಡತಿ ಶಾಂತವ್ವ ಅವನ ಶೇಂಗಾ ಹಿಂಡಿಗೆ ಒಂದು ಚಮಚ ಎಣ್ಣೆ ಹೆಚ್ಚು ಹಾಕಿದರೆ ಅದೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆ ಅವನು ಹೋದ ಮೇಲೆ ನಾನು ಗೊಣಗುತ್ತ ಕುಳಿತಿದ್ದಾಗ ಅವಳು ಹೇಳಿದಳು:

"ಇವತ್ತ ಸಂಜಿಗಿ ನಾ ಒಲಿ ಹಚ್ಚಂಗಿಲ್ಲ ನೋಡ್ರಿ. ನಿಮ್ಮ ಹೊಟ್ಟಿ ಮ್ಯಾಲೇ ಹಂಚು ಇಟ್ಟು ರೊಟ್ಟಿ ಬೇಯಿಸ್ತೀನಿ."

ಅಷ್ಟರಲ್ಲಿ ಮಾಮಾ ಔರಂಗಾಬಾದಿನಲ್ಲಿ ಇನ್ನೊಂದು ಶೆಡ್ಡು ಹಾಕುವ ಮಾತು ತೆಗೆದರು. ಈಗಿನ ಛತ್ರಪತಿ ಸಂಭಾಜಿನಗರ. ಅದನ್ನು ನೋಡಿಕೊಳ್ಳಲು ನಮ್ಮಿಬ್ಬರಲ್ಲಿ ಒಬ್ಬರನ್ನು ಕಳಿಸುತ್ತೇನೆ, ದೀಪಾವಳಿಗೆ ಹೇಳುತ್ತೇನೆ ಎಂದರು. ನಮ್ಮಿಬ್ಬರಲ್ಲಿ! ನಾನು ಮೊದಲು ಬಂದವನು, ಅವನನ್ನು ತಂದವನು, ಅವನಿಗೆ ಅಣ್ಣ. ಯಾರು ಹೋಗಬೇಕು ಎಂಬುದು ಕೇಳುವ ಮಾತೇ ಅಲ್ಲ ಎಂದುಕೊಂಡಿದ್ದೆ. ಮಾಮಾಗೆ ಅದು ಕೇಳುವ ಮಾತಾಗಿತ್ತು.

ದಸರೆಗೆ ವಾರ ಮುಂಚೆ ಔರಂಗಾಬಾದಿನ ಡಾಕ್ಟರ್ ದೇಶಮುಖರು ತಮ್ಮ ಜರ್ಮನ್ ಗಾಡಿ ತಂದು ಬಿಟ್ಟರು. ಆ ಗಾಡಿಯ ಮೇಲೆ ಅವರು ಗಂಗಾಪುರ, ಕನ್ನಡ (ಹೌದು, ಊರಿನ ಹೆಸರೇ ಕನ್ನಡ) ಎಂಬ ತಾಲ್ಲೂಕು ಊರುಗಳಿಗೆಲ್ಲ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ನಿಜಾಮರ ಕಾಲದಲ್ಲಿ ಕಲಬುರಗಿಯಲ್ಲಿ ಕೆಲಸ ಮಾಡಿದ್ದವರು, ನಮ್ಮ ಹತ್ತಿರ ಕನ್ನಡದಲ್ಲೇ ಮಾತಾಡುವವರು. ಗಾಡಿಯ ಹಿಂದಿನ ಡಬ್ಬಾ 'ಗುಂಯ್' ಎಂದು ಅಳುತ್ತಿತ್ತು. ನಾನು ಕೈ ಚಾಚಿದೆ. ಮಾಮಾ ನನ್ನನ್ನು ನೋಡಿಯೂ ನೋಡದವರಂತೆ, "ವೈಜೂ, ಹೇ ತೂ ಕರ್" ಎಂದರು. ಇದನ್ನು ನೀನು ಮಾಡು. ಯಾರನ್ನು ಔರಂಗಾಬಾದಿಗೆ ಕಳಿಸುತ್ತಾರೆ ಎಂದು ಅವತ್ತೇ ನನಗೆ ಗೊತ್ತಾಗಿ ಹೋಯಿತು.

ವೈಜಿನಾಥ ಆ ಕೆಲಸವನ್ನು ಮೂರು ದಿನ ಮಾಡಿದ. ಹಲ್ಲುಗಳು ಸವೆದಿದ್ದರಿಂದ ಆತುರ ಪಡಲಿಲ್ಲ. ಎಷ್ಟು ಸಲ ಬಿಚ್ಚಿದ, ಎಷ್ಟು ಸಲ ಕೂಡಿಸಿದ ಎಂದು ನಾನು ಎಣಿಸುತ್ತಿದ್ದೆ: ಒಂಬತ್ತು. ಒಂಬತ್ತನೆಯ ಸಲ ಗಾಲಿ ತಿರುಗಿಸಿದಾಗ ಸದ್ದೇ ಇಲ್ಲ. ನನಗೆ ಅಳು ಬಂತು ಎಂದರೆ ನೀವು ನಂಬುವುದಿಲ್ಲ. ಪಕ್ಕಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮರುದಿನ ಖಂಡೇನವಮಿ, ಅಂದರೆ ಆಯುಧಪೂಜೆ. ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ: ಹಬ್ಬಕ್ಕೆ ಸಿದ್ಧವಾದ ಗಾಡಿಗೆ ಅದರ ಕೆಲಸ ಮಾಡಿದವನೇ, ತಾನು ಬಿಚ್ಚಿ ಕೂಡಿಸಿದ ಜಾಗಕ್ಕೆ ಶೇಂದೂರದ ಬೊಟ್ಟು ಇಡಬೇಕು. ಪೂಜೆಯ ಶೇಂದೂರವನ್ನು ಮಾಮಾ ಅಗಸೆ ಎಣ್ಣೆಯಲ್ಲಿ ಕಲಸುತ್ತಿದ್ದರು. ಎಳ್ಳೆಣ್ಣೆಯದು ಬಿಸಿಲಿಗೆ ಹರಿದು ಕಲೆಯಾಗುತ್ತದೆ, ಇದು ಒಂದು ಹಗಲಿನಲ್ಲಿ ಕಲ್ಲಾಗಿ ಕೂಡುತ್ತದೆ. ವೈಜಿನಾಥ ಸ್ನಾನ ಮಾಡಿ ಬಂದು ಚಪ್ಪಲಿ ಬಿಟ್ಟು ಡಾಕ್ಟರರ ಗಾಡಿಯ ಮುಂದೆ ಕುಳಿತ. ಹೆಬ್ಬೆರಳು ಅದ್ದಿ ಡಬ್ಬಾದ ನೆತ್ತಿಯ ಮೇಲೆ, ಹಣೆಗೆ ಇಡುವಂತೆ, ಒತ್ತಿ ಒಂದು ಬೊಟ್ಟು ಇಟ್ಟ. ಸರಿಯಾಗಿ ಉಸಿರಾಡುವ ತೂತಿನ ಮೇಲೆ.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಟ್ರಕ್ಕಿನಿಂದ ಬಂದವನಿಗೆ ಆ ಸೂಜಿತೂತು ಗೊತ್ತಿರಲಿಲ್ಲ. ಮಂದಗಣ್ಣಿನ ಮಾಮಾ ಆರತಿ ತಟ್ಟೆ ಹಿಡಿದು ಬೇರೆ ಕಡೆ ಇದ್ದರು. "ಏ ವೈಜು, ತುಸು ಪಕ್ಕಕ್ಕ ಇಡೋ" ಎಂದರೆ ಮುಗಿಯುತ್ತಿತ್ತು. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿದೆ. ಎಣ್ಣೆ ಸೋರಲಿ, ಗಾಡಿ ವಾಪಸ್ಸು ಬರಲಿ, 'ಕೈ' ಇರುವವನ ಕೈ ಎಲ್ಲರೂ ನೋಡಲಿ ಎಂದುಕೊಂಡೆ. ಬ್ರೇಕಿನ ನೆನಪು ಆಗಲೂ ಬಂತು. ಬಂದದ್ದನ್ನು ದೂಡಿದೆ. ಪೇಢೆ ಹಂಚಿದರು, ತಿಂದೆ.

ದಸರೆಯ ದಿನ ಬೆಳಿಗ್ಗೆ ಡಾಕ್ಟರು ಬಂದು ಗಾಡಿ ಚಾಲೂ ಮಾಡಿ ಕಿವಿಗೊಟ್ಟು ಕೇಳಿದರು. "ಅರೇ, ಗಾಡಿ ಮೌನವ್ರತ ಹಿಡದದಲ್ಲೋ!" ಎಂದು ವೈಜಿನಾಥನ ಬೆನ್ನು ಗುದ್ದಿದರು. ಆಮೇಲೆ ಹೇಳಿದ ಮಾತು ಇದು: "ನಾಳಿ ಕನ್ನಡದಾಗ ದವಾಖಾನಿ ಅದ. ನಾಡಿದ್ದು ಅಲ್ಲಿಂದಲೇ ನಮ್ಮ ಮನಿಯಾಕೀನ ಹಿಂದ ಕೂಡ್ಸಿಕೊಂಡು ಘಾಟ್ ಇಳದು ಚಾಳೀಸ್‌ಗಾಂವಕ್ಕ ಹೋಗಾಂವ. ತವರ ಮನಿ ಹಬ್ಬ."

ಕನ್ನಡದಿಂದ ಚಾಳೀಸ್‌ಗಾಂವದ ಕಡೆ ಇಳಿಯುವ ಘಾಟು ನೋಡಿದವರಿಗೆ ಗೊತ್ತು. ಒಂದು ಕಡೆ ಬೆಟ್ಟ, ಒಂದು ಕಡೆ ಏನೂ ಇಲ್ಲ. ಆಗಲಾದರೂ ಹೇಳಬೇಕಿತ್ತು. ಮಾಮಾ ಪಕ್ಕದಲ್ಲೇ ನಿಂತಿದ್ದರು. ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ. ಗಾಡಿ ಹೊರಟುಹೋಯಿತು, ನಾನು ಧೂಳು ನೋಡುತ್ತ ನಿಂತೆ.

ಸಂಜೆ ವೈಜಿನಾಥ ಹೊಸ ಅಂಗಿ ಹಾಕಿಕೊಂಡು ಬನ್ನಿ ಎಲೆ ಹಿಡಿದು ಮನೆಗೆ ಬಂದ. ಬಗ್ಗಿ ನನ್ನ ಕಾಲು ಮುಟ್ಟಿದ.

"ಬಂಗಾರ ತಗೋರಿ ಅಣ್ಣೋರೆ. ನಾವು ನೀವು ಬಂಗಾರದ್ಹಾಂಗ ಇರೋಣ."

ನಾನು ತೆಗೆದುಕೊಂಡೆ. ತಿರುಗಿ ಅವನಿಗೆ ಬಂಗಾರ ಕೊಡದೆ ಕಿಸೆಗೆ ಹಾಕಿಕೊಂಡದ್ದನ್ನು ಶಾಂತವ್ವ ನೋಡಿದಳು. ಅವನು ಹೋದ ಮೇಲೆ "ಏನ್ರಿ ಅದು?" ಎಂದಳು. ಹೇಳಿಬಿಟ್ಟೆ. ಹೆಂಗಸು ಅಳಲಿಲ್ಲ, ಕೂಗಲಿಲ್ಲ. "ಹಿಂದ ಕೂಡಾಕಿ ಹೆಣ್ಣುಮಗಳು. ಮುಂಜಾನಿ ಮೊದಲ ಬಸ್ಸಿಗಿ ಹೋಗ್ರಿ" ಎಂದು ರೊಟ್ಟಿ ಬುತ್ತಿ ಕಟ್ಟಲು ಎದ್ದಳು.

ಹೋದೆ. ನಾಶಿಕದಿಂದ ಔರಂಗಾಬಾದಿಗೆ ಸರಕಾರಿ ಬಸ್ಸು ಊರೂರಿಗೆ ನಿಂತು ನಿಂತು ಹೋಯಿತು. ಡಾಕ್ಟರರ ಮನೆಗೆ ಬೀಗ. ಮತ್ತೊಂದು ಬಸ್ಸು ಹಿಡಿದು ಕನ್ನಡಕ್ಕೆ. ದಾರಿಯುದ್ದಕ್ಕೂ ಕಿಟಕಿಯಿಂದ ಹಳ್ಳ ಕೊಳ್ಳಗಳಲ್ಲಿ ಬಿದ್ದ ಗಾಡಿ ಹುಡುಕುತ್ತಿದ್ದೆ. ದೇವರಿಗೆ ಏನೇನು ಹರಕೆ ಹೊತ್ತೆನೋ, ಅರ್ಧ ಮರೆತಿದ್ದೇನೆ. ಸಂಜೆ ಐದಕ್ಕೆ ಕನ್ನಡದ ಪೇಟೆಯಲ್ಲಿ ಇಳಿದರೆ, ದವಾಖಾನೆ ಮುಂದೆ ಗಾಡಿ ನೆಟ್ಟಗೆ ನಿಂತಿತ್ತು. ಒಂದು ಹಳ್ಳಿ ಸುತ್ತಿ ಆಗ ತಾನೆ ಬಂದಿತ್ತು. ಡಬ್ಬಾ ಮುಟ್ಟಿದರೆ ಕೈ ಸುಡುತ್ತಿತ್ತು. ಗಾಲಿಯ ಕಡ್ಡಿಗಳೆಲ್ಲ ಎಣ್ಣೆಯಿಂದ ಹೊಳೆಯುತ್ತಿದ್ದವು.

ಡಾಕ್ಟರು ಹೊರಗೆ ಬಂದು ಕಣ್ಣರಳಿಸಿದರು. "ಶರಣಪ್ಪಾ! ನೀ ಇಲ್ಲಿ ಹ್ಯಾಂಗ?"

"ಒಂದು ಡೌಟ್ ಇತ್ತ್ರಿ ಸಾಹೇಬ್ರ. ನೋಡಿ ಹೋಗೋಣಂತ ಬಂದೆ. ಬ್ರೇಕ್ ಹ್ಯಾಂಗ ಅದ್ರಿ?"

"ಮುಂಜಾನಿಂದ ಮೆತ್ತಗಾಗ್ಯಾದ. ಹೊಸಾ ಕೆಲಸ, ಕೂಡ್ಕೋತದ ಅಂತ ಸುಮ್ಮನಿದ್ದೆ."

ಸೈಕಲ್ ಅಂಗಡಿಯಿಂದ ಒಂದು ಗಾಲಿಕಡ್ಡಿ ಇಸಿದುಕೊಂಡು ಬಂದು ಬೊಟ್ಟನ್ನು ಚುಚ್ಚಿದೆ. ಕಲ್ಲಾಗಿತ್ತು. ಮೂರನೆಯ ಏಟಿಗೆ ತೂತು ಬಿದ್ದು 'ಉಸ್ಸ್' ಎಂದು ಬಿಸಿ ಗಾಳಿ ಹೊರಬಂತು. ಗಾಲಿ ಬಿಚ್ಚಿ, ಬ್ರೇಕಿನ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಎಮರಿ ಕಾಗದದಿಂದ ತಿಕ್ಕಿದೆ. ಕೆಲಸ ಅಲ್ಲಿಗೆ ಮುಗಿದಿತ್ತು. ಎಣ್ಣೆ ತುಂಬಿ ಎದ್ದು ಬರಬೇಕಿತ್ತು.

ನಾನು ಎದ್ದು ಬರಲಿಲ್ಲ. ಡಬ್ಬಾ ಬಿಚ್ಚಿದೆ. ಬಿಚ್ಚುವ ಅಗತ್ಯವೇ ಇರಲಿಲ್ಲ, ಒಳಗೊಂದು ತಪ್ಪು ಸಿಗಲಿ ಎಂಬ ಆಸೆಗೆ ಬಿಚ್ಚಿದೆ. ಅಷ್ಟು ದೂರ ಪಶ್ಚಾತ್ತಾಪದಿಂದ ಬಂದವನು, ಹರಕೆ ಹೊತ್ತವನು, ಗಾಡಿ ನೆಟ್ಟಗಿದೆ ಎಂದು ಕಂಡೊಡನೆ ಮತ್ತೆ ಹಳೆಯ ಶರಣಪ್ಪನೇ ಆಗಿದ್ದೆ. ಒಂದು ಹಲ್ಲಿನ ಗುರುತಾದರೂ ಓರೆಯಾಗಿರಲಿ ದೇವರೇ ಎಂದುಕೊಂಡು ಚಿಂದಿಯಿಂದ ಕ್ರೌನ್ ಒರೆಸಿ ಬೆಳಕಿಗೆ ಹಿಡಿದೆ. ಅಷ್ಟು ಮೈಲಿ ಓಡಿ ಹಲ್ಲುಗಳ ಮೇಲೆ ಹೊಳಪಿನ ಗುರುತು ಬಿದ್ದಿತ್ತು. ಒಂದೊಂದೇ ಹಲ್ಲು ನೋಡಿದೆ. ಎಲ್ಲ ನಟ್ಟನಡುವೆ, ಎಲ್ಲ ಒಂದೇ ಅಳತೆ. ಸವೆದ ಹಲ್ಲಿನ ಮೇಲೆ ಅಂಥ ಗುರುತು ನಾನು ತಂದದ್ದಿಲ್ಲ, ಮಾಮಾ ತಂದದ್ದನ್ನೂ ನೋಡಿರಲಿಲ್ಲ. ಬಹಳ ಹೊತ್ತು ಅದನ್ನು ಹಿಡಿದುಕೊಂಡು ಕುಳಿತಿದ್ದೆ. ಆಮೇಲೆ ಅವನ ಶಿಮ್ಮುಗಳನ್ನು ಅವನಿಟ್ಟ ಕ್ರಮದಲ್ಲೇ ಇಟ್ಟು, ಖಾಕಿ ಕಾಗದದ ಗ್ಯಾಸ್ಕೆಟ್ ಕತ್ತರಿಸಿ ಹಾಕಿ, ಮುಚ್ಚಿದೆ.

"ಏನಾಗಿತ್ತೋ?" ಎಂದರು ಡಾಕ್ಟರು.

"ಒಳಗ ಸೆಟ್ಟಿಂಗ್ ತಪ್ಪಿತ್ತ್ರಿ. ಹುಡುಗ ಹೊಸಬ. ಬರೋಬರ್ ಮಾಡೀನಿ, ಇನ್ನ ಬೇಫಿಕೀರ ಹೋಗ್ರಿ."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಅದನ್ನು ಹಗಲಲ್ಲೇ ಪೇಟೆಯ ನಡುವೆ ಮಾಡಿದೆ. ಡಾಕ್ಟರರ ಕಣ್ಣು ತುಂಬಿ ಬಂತು. ತಮ್ಮನಂಥವನ ತಪ್ಪು ಮುಚ್ಚಲು ಹಬ್ಬದ ಮರುದಿನ ಅಷ್ಟು ದೂರ ಬಂದನಲ್ಲ ಎಂದು ನನ್ನ ಎರಡೂ ಕೈ ಹಿಡಿದರು. ಊಟ ಹಾಕಿಸಿದರು. ಅವರೂ ಅವರ ಹೆಂಡತಿಯೂ ಮರುದಿನ ಸುಖವಾಗಿ ಘಾಟು ಇಳಿದರು.

ಅವರು ಮಾಮಾಗೆ ಪತ್ರ ಬರೆದರು. ಮಾಮಾ ಅದನ್ನು ಗ್ಯಾರೇಜಿನಲ್ಲಿ ಎಲ್ಲರ ಮುಂದೆ ಓದಿಸಿದರು. ಸೆಟ್ಟಿಂಗ್ ತಪ್ಪಿತ್ತು, ಎಣ್ಣೆ ಬ್ರೇಕಿಗೆ ಇಳಿದಿತ್ತು, ಶರಣಪ್ಪ ಬಾರದಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ ಎಂದಿತ್ತು ಅದರಲ್ಲಿ. ವೈಜಿನಾಥ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ನಾ ಒಂಬತ್ತು ಸಲ ನೋಡಿದ್ದೆ" ಎಂದು ಮೆಲ್ಲಗೆ ಅಂದ, ಯಾರಿಗೂ ಅಲ್ಲ. ಆಮೇಲೆ ನನ್ನ ಹತ್ತಿರ ಬಂದು, "ನನ್ನ ಮಾನ ಉಳಿಸಿದ್ರಿ ಅಣ್ಣೋರೆ. ಎರಡು ಜೀವ ಉಳಿಸಿದ್ರಿ" ಎಂದ. ನಾನು ಅವನ ಹೆಗಲು ತಟ್ಟಿದೆ. ಹೌದು, ತಟ್ಟಿದೆ!

ಮಾಮಾ ಅವನಿಗೆ ಒಂದು ಮಾತೂ ಬೈಯಲಿಲ್ಲ. ಮುಂದೆ ಯಾವ ಡಬ್ಬಾ ಬಂದರೂ ಅವನ ಕಡೆ ತಳ್ಳಲಿಲ್ಲ, ಅಷ್ಟೇ. ದೀಪಾವಳಿಗೆ ಔರಂಗಾಬಾದಿನ ಶೆಡ್ಡು ನನ್ನದಾಯಿತು. ಚಳಿಗಾಲ ಮುಗಿಯು‌ವುದರೊಳಗೆ ವೈಜಿನಾಥ ಊರಿಗೆ ಹೋದ. ಯಾವುದೋ ಬಸ್ ಡಿಪೋದಲ್ಲಿ ಗ್ರೀಸು ತುಂಬುವ ಕೆಲಸಕ್ಕೆ ಸೇರಿದನೆಂದು ಸುದ್ದಿ ಬಂತು. ನಾನು ಡಾಕ್ಟರಿಗೆ ಸುಳ್ಳು ಹೇಳಿದ್ದು ಶಾಂತವ್ವನಿಗೆ ಆ ಪತ್ರದ ಸುದ್ದಿಯಿಂದಲೇ ತಿಳಿಯಿತು. ಎರಡು ತಿಂಗಳು ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ.

ಔರಂಗಾಬಾದಿನಲ್ಲಿ ನನಗೆ ಹೆಸರು ಬಂತು. ಮುಂದೆ ಹನ್ನೊಂದು ವರ್ಷ ಡಾಕ್ಟರು ಆ ಗಾಡಿ ಓಡಿಸಿದರು. ಎಣ್ಣೆ ಬದಲಿಸಲು ನನ್ನ ಹತ್ತಿರವೇ ತರುತ್ತಿದ್ದರು. ಡಬ್ಬಾ ಒಂದು ದಿನವೂ ಕೂಗಲಿಲ್ಲ. "ಏನ್ ಕೂಡ್ಸೀಯೋ ಶರಣಪ್ಪಾ, ನಿನ್ನ ಕೈಯಾಗ ಮಂತ್ರ ಅದ!" ಎಂದು ಬಂದಾಗಲೆಲ್ಲ ಹೊಗಳುತ್ತಿದ್ದರು. ಅದನ್ನು ಕೇಳಿಸಿಕೊಂಡು ಬೇರೆ ಗಿರಾಕಿಗಳು ಬರುತ್ತಿದ್ದರು. ಅವರ ಗಾಡಿಗಳನ್ನು ನಾನು ಎರಡು ದಿನ, ಮೂರು ದಿನ ಕೂತು ಕೂಡಿಸಿದರೆ ನಡೆಯುತ್ತಿದ್ದವು, ಸಣ್ಣಗೆ ಗುನುಗುತ್ತ. ಹೊಗಳಿಕೆಯೆಲ್ಲ ನನ್ನದು, ಹೊಗಳಿಸಿಕೊಂಡ ಕೆಲಸ ಅವನದು. ಊರು ಬಿಟ್ಟು ಹೋದವನ ಮೇಲೆ ಇಲ್ಲಿ ಕೂತು ಹೊಟ್ಟೆ ಉರಿಸಿಕೊಳ್ಳುವುದು ಎಂಥ ಶಿಕ್ಷೆ ಎಂದು ನಿಮಗೆ ಹೇಗೆ ಹೇಳಲಿ. ಆಮೇಲೆ ಆ ಗಾಡಿಗಳೇ ಇಲ್ಲವಾದವು. ಸ್ಕೂಟರು, ಚೈನಿನ ಗಾಡಿಗಳು ಬಂದವು. ಕ್ರೌನು ಪಿನಿಯನ್ನು ಎಂದರೆ ಹುಡುಗರು ನನ್ನ ಮುಖ ನೋಡತೊಡಗಿದರು.

ಕೆಲಸ ಬಿಟ್ಟ ವರ್ಷ ಶಾಂತವ್ವ ತೀರಿಕೊಂಡಳು. ಹೋಗುವ ಮುಂಚೆ ಒಂದೇ ಕೇಳಿದಳು: "ವೈಜಿನಾಥಗ ಹೇಳಿದ್ರೇನು?" ಇಲ್ಲ ಎಂದೆ. ಗೋಡೆ ಕಡೆ ಹೊರಳಿ ಮಲಗಿದಳು. ಅವಳ ತಿಂಗಳ ಕಾರ್ಯ ಮುಗಿಸಿ ಭಾಲ್ಕಿಗೆ ಹೋದೆ.

ವೈಜಿನಾಥನ ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಓಡಿ ಬಂದು ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದ. ಹೆಂಡತಿಯನ್ನು ಕರೆದ: "ಏ, ಬಾ ಇಲ್ಲಿ. ನಾ ಹೇಳ್ತಿದ್ದೆನಲ್ಲ, ನಾಶಿಕದಾಗ ನನ್ನ ಮಾನ ಉಳಿಸಿದ ಅಣ್ಣೋರು. ಇವ್ರೇ." ಆ ಹೆಣ್ಣುಮಗಳು ನನ್ನ ಕಾಲಿಗೆ ಬಿದ್ದಳು. ಅವಳು ಚಹಾ ಮಾಡಲು ಒಳಗೆ ಹೋದಾಗ ಕೇಳಿದೆ, ಡಿಪೋದಲ್ಲಿ ಫಿಟ್ಟರ್ ಆಗಲಿಲ್ಲವೇ ಎಂದು.

"ಇಲ್ರಿ. ಕರ್ದಿದ್ರು, ನಾನೇ ಒಲ್ಲೆ ಅಂದೆ. ಅವತ್ತಿನಿಂದ ಹಲ್ಲುಗಾಲಿಗಿ ಕೈ ಹಚ್ಚಿಲ್ರಿ. ಒಂಬತ್ತು ಸಲ ನೋಡಿ ಬರೋಬರ್ ಅದ ಅಂದ ಕೈ ಇದು. ಅದೇ ಸುಳ್ಳು ಹೇಳ್ತಂದ್ರ ಯಾವ ಭರೋಸಾದ ಮ್ಯಾಲ ಮಂದಿ ಕೂತ ಬಸ್ಸು ಬಿಚ್ಚಲಿ? ಮೂವತ್ತು ವರ್ಷ ಗ್ರೀಸ್ ತುಂಬಿದೆ. ಗ್ರೀಸಿನಾಗ ತಪ್ಪಾಗಂಗಿಲ್ಲ."

ಅಂಥ ಕೈ. ಮೂವತ್ತು ವರ್ಷ ಗ್ರೀಸು.

ಹೇಳಿದೆ. ಬೊಟ್ಟು ಇಟ್ಟದ್ದು, ನಾನು ನೋಡಿದ್ದು, ಸುಮ್ಮನಿದ್ದದ್ದು, ಕನ್ನಡ ಊರಿನಲ್ಲಿ ಡಬ್ಬಾ ಬಿಚ್ಚಿದ್ದು, ಡಾಕ್ಟರಿಗೆ ಹೇಳಿದ ಸುಳ್ಳು. ತಲೆ ತಗ್ಗಿಸಿಕೊಂಡೇ ಹೇಳಿದೆ. ಹೊಡೆಯಲಿ, ಉಗುಳಲಿ, ಊರು ಸೇರಿಸಿ ಮಾನ ಕಳೆಯಲಿ ಎಂದು ಸಿದ್ಧವಾಗಿಯೇ ಹೋಗಿದ್ದೆ. ಅವನು ನನ್ನ ಮೊಣಕೈ ಹಿಡಿದ.

"ಅಂದ್ರ… ಸೆಟ್ಟಿಂಗ್ ಬರೋಬರ್ ಇತ್ತೇನ್ರಿ?"

"ಬರೋಬರ್ ಇತ್ತು, ವೈಜು."

"ಗುರ್ತು? ಗುರ್ತು ಎಲ್ಲಿ ಕುಂತಿತ್ರಿ?"

"ನಟ್ಟನಡುವ. ಎಲ್ಲಾ ಹಲ್ಲಿಗೂ."

"ಎಲ್ಲಾ ಹಲ್ಲಿಗೂ?"

"ಎಲ್ಲಾ ಹಲ್ಲಿಗೂ. ನಾ ಒಂದೊಂದೇ ನೋಡೀನಿ. ಹನ್ನೊಂದು ವರ್ಷ ಓಡಿತು ಆ ಗಾಡಿ. ಮತ್ತ ಯಾರೂ ಅದಕ್ಕ ಕೈ ಹಚ್ಚಲಿಲ್ಲ."

ಅವನು ದಡಬಡ ಎದ್ದ. ಕಟ್ಟೆ ಇಳಿದು, ಚಪ್ಪಲಿ ಮೆಟ್ಟದೆ ಅಡುಗೆಮನೆಯ ಕಡೆ ಓಡಿದ. "ಏ, ಕೇಳಿದೇನ? ಬರೋಬರ್ ಇತ್ತಂತ! ಹನ್ನೊಂದು ವರ್ಷ ಓಡ್ತಂತ! ನನ್ನ ಕೈ ಬರೋಬರ್ ಇತ್ತಂತ!" ಎಂದು ಒಳಗಿನಿಂದ ಕೂಗುವುದು ಕೇಳಿಸಿತು. ಅಳುತ್ತಿದ್ದ. ಆಮೇಲೆ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಹೇಳಲು ಹೋದ. ಚಹಾ ಬಂತು, ಆರಿತು. ನನ್ನನ್ನು ಬೈಯಲಿಕ್ಕೂ ಅವನಿಗೆ ಪುರುಸೊತ್ತಾಗಲಿಲ್ಲ.